ಪ್ಲಾಂಟರ್ ಪದ ಸೀದಾ ಲ್ಯಾಟಿನ್‌ನಿಂದ ಬಂದದ್ದೇ?

ಮಡಿಕೇರಿ ಮಳೆ: ಕೊಡಗಿನಲ್ಲಿ ಕಾಫಿ ತೋಟದ ಮಾಲೀಕರಿಗೆ ಹೇಳುವ, ದಿನಾ ಕೇಳುವ 'ಪ್ಲಾಂಟರ್' ಕೂಡ ಕಲೆಕ್ಟರ್, ಡಾಕ್ಟರ್, ಟ್ರ್ಯಾಕ್ಟರ್ ಹಾಗೆ ಸೀದಾ ಲ್ಯಾಟಿನ್‌ನಿಂದ ಬಂದದ್ದು ಅಂತ ನನ್ನ ವಾದ. ಕೊನೆಗೆ ಕೇಳಿಸುವುದು ಒಂದೇ ಅಲ್ವಾ?

ಸೋಮವಾರಪೇಟೆ ಟೀಚರ್: ಕಿವಿಗೆ ಒಂದೇ, ಹುಟ್ಟು ಬೇರೆ. ಲ್ಯಾಟಿನ್‌ನಲ್ಲಿ ಕೆಲಸ ಮಾಡುವವನನ್ನು ಹೇಳಲು ಕೊನೆಯಲ್ಲಿ 'ತೋರ್' ಬರುತ್ತದೆ. 'ದೊಕೇರೆ' ಅಂದರೆ ಕಲಿಸುವುದು, ಕಲಿಸುವವನು 'ದೊಕ್ತೋರ್'. ಡಾಕ್ಟರ್ ಮೊದಲು ಮೇಷ್ಟ್ರು, ಮದ್ದು ಕೊಡುವವರಾದದ್ದು ಆಮೇಲೆ. ಇದೇ ಲೆಕ್ಕದಲ್ಲಿ ನೆಡುವವನು 'ಪ್ಲಾಂತಾತೋರ್' ಆಗಬೇಕು, ಆ ಪದ ಲ್ಯಾಟಿನ್‌ನಲ್ಲಿ ಇದೆ ಕೂಡ. ಇಂಗ್ಲಿಷಿನವರು ಅದನ್ನು ತೆಗೆದುಕೊಳ್ಳಲಿಲ್ಲ. ಬೇರು ಲ್ಯಾಟಿನ್ನದು, ಕೊನೆಯ ಬಾಲ ಮಾತ್ರ ನಮ್ಮ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಇರುವ ಅದೇ ಇಂಗ್ಲಿಷ್ 'ಅರ್' (-er).

ಸಿದ್ದಾಪುರ ರೋಬಸ್ಟಾ: ಟೀಚರ್, ಆ ಬಾಲವೂ ಬಹಳ ಹಿಂದೆ ಲ್ಯಾಟಿನ್‌ನ 'ಆರಿಯುಸ್'ನಿಂದಲೇ ಇಂಗ್ಲಿಷ್, ಜರ್ಮನ್ ಸೇರಿದ ಜರ್ಮಾನಿಕ್ ಭಾಷೆಗಳಿಗೆ ಹೋದದ್ದು ಅಂತ ಸುಮಾರು ತಜ್ಞರು ಹೇಳುತ್ತಾರೆ. ಇರಲಿ, ನನಗೆ ಬಾಲಕ್ಕಿಂತ ಪದದ ಬೇರು ಮುಖ್ಯ. 'ಪ್ಲಾಂತಾ' ಅಂದರೆ ಸಸಿಯೂ ಹೌದು, ಅಂಗಾಲೂ ಹೌದು. ಸಸಿ ಇಟ್ಟು ಅಂಗಾಲಿನಿಂದ ಮಣ್ಣು ಒತ್ತುವುದರಿಂದ ನೆಡುವುದಕ್ಕೆ ಆ ಹೆಸರು ಬಂತು ಅನ್ನುವ ವಿವರಣೆ ಇದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಾಫಿ ತೋಟದಲ್ಲಿ ನೋಡಿ, ಒಂದೂವರೆ ಅಡಿ ಗುಂಡಿಗೆ ಚೀಲ ಹರಿದು ಸಸಿ ಇಳಿಸುತ್ತಾರೆ, ತಾಯಿಬೇರು ಮಡಚದ ಹಾಗೆ ಹಿಡಿದು ಮಣ್ಣು ತುಂಬುತ್ತಾರೆ, ಬುಡದ ಸುತ್ತ ಕಾಲಿನಿಂದ ಒತ್ತಿ, ಗಾಳಿಗೆ ಅಲ್ಲಾಡದಿರಲಿ ಅಂತ ಒಂದು ಕೋಲು ನೆಟ್ಟು ಕಟ್ಟುತ್ತಾರೆ. ಇಷ್ಟೆಲ್ಲ ಮಾಡುವವರು ಲೈನ್ ಮನೆಯವರು, ಅಂದರೆ ತೋಟದ ಸಾಲು ಮನೆಗಳಲ್ಲಿರುವ ಕೂಲಿಯವರು. ಅವರನ್ನು ಯಾರೂ ಪ್ಲಾಂಟರ್ ಅನ್ನುವುದಿಲ್ಲ. ಅದೇ ನನಗೆ ಬೇಜಾರು.

ಮಡಿಕೇರಿ ಮಳೆ: ಅದಕ್ಕೆ ಕೊಡಗನ್ನು ದೂರಬೇಡಿ. 17ನೇ ಶತಮಾನದಲ್ಲೇ ಐರ್ಲೆಂಡಿಗೆ, ಅಮೆರಿಕಕ್ಕೆ ಹೋಗಿ ನೆಲ ಹಿಡಿದವರನ್ನು ಪ್ಲಾಂಟರ್ ಅನ್ನುತ್ತಿದ್ದರು. 1854ರಲ್ಲಿ ಜಾನ್ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ಮಾಡುವ ಹೊತ್ತಿಗೆ ಆ ಪದಕ್ಕೆ ತೋಟದ ಮಾಲೀಕ ಅನ್ನುವ ಅರ್ಥ ಗಟ್ಟಿಯಾಗಿತ್ತು. ಡಾಕ್ಟರೂ ಈಗ ಪಾಠ ಹೇಳುವುದಿಲ್ಲವಲ್ಲ.

ಸೋಮವಾರಪೇಟೆ ಟೀಚರ್: ಹೌದು, ಅರ್ಥ ಜಾರುತ್ತದೆ. ಅದಕ್ಕೇ ನನಗೆ 'ಬೆಳೆಗಾರ' ಜಾಸ್ತಿ ಇಷ್ಟ. ಬೆಳೆಯುವವರು ಯಾರೇ ಆಗಲಿ, ಅವರಿಗೆಲ್ಲ ಸಲ್ಲುತ್ತದೆ.

ಸಿದ್ದಾಪುರ ರೋಬಸ್ಟಾ: ಡಾಕ್ಟರ್ ಮದ್ದು ಕೊಡುವ ಕೆಲಸವನ್ನಾದರೂ ತಾವೇ ಮಾಡುತ್ತಾರೆ. ದೊಡ್ಡ ತೋಟದ ಪ್ಲಾಂಟರ್ ವಿಷಯದಲ್ಲಿ ಹಾಗಿಲ್ಲ. ಆದರೆ ಎರಡು ಮೂರು ಎಕರೆಯವರು ತಾವೇ ಗುಂಡಿ ತೆಗೆದು, ತಾವೇ ಮಣ್ಣು ಒತ್ತುತ್ತಾರೆ. ಲ್ಯಾಟಿನ್ ಅರ್ಥ ಹಿಡಿದರೆ ನನ್ನ ಮಟ್ಟಿಗೆ ಅವರು, ಮತ್ತೆ ಲೈನ್ ಮನೆಯವರು, ಇಬ್ಬರೇ ಪ್ಲಾಂಟರ್‌ಗಳು.