ಫೈರ್‌ವಾಲ್ ಬಿಡದೆ ‘ಬ್ಲಾಕ್ ಆಗಿದೆ’ ಅನ್ನುತ್ತಿದೆ, ಯಾರೋ ಹ್ಯಾಕ್ ಮಾಡ್ತಿದ್ದಾರಾ?

ಪ್ರಶ್ನೆ:
ಹೊಸದಾಗಿ ಒಂದು ಫೈರ್‌ವಾಲ್ (ಕಂಪ್ಯೂಟರಿಗೆ ಬಂದುಹೋಗುವ ಸಂಪರ್ಕಗಳನ್ನು ಕಾಯುವ ಪ್ರೋಗ್ರಾಂ) ಹಾಕಿಕೊಂಡೆ. ಅವತ್ತಿನಿಂದ ಪರದೆಯ ಮೂಲೆಯಲ್ಲಿ ಕೆಂಪು ಎಚ್ಚರಿಕೆ ಬರುತ್ತಲೇ ಇದೆ. ಅದರ ಲಾಗ್ (ತಡೆದದ್ದರ ದಾಖಲೆ) ತೆಗೆದರೆ ಇವೇ ಮೂರು ಸಾಲು, ಮತ್ತೆ ಮತ್ತೆ:

192.168.1.7ರಿಂದ, ಯುಡಿಪಿ ಪೋರ್ಟ್ 137
192.168.1.7ರಿಂದ 239.255.255.250ಕ್ಕೆ, ಯುಡಿಪಿ 1900
ಹೊರಗಿನ ಯಾವುದೋ ವಿಳಾಸದ 443ರಿಂದ ನನ್ನ 52814ಕ್ಕೆ, ಟಿಸಿಪಿ

ನನ್ನ ಕಂಪ್ಯೂಟರ್ ಇರುವುದು ರೌಟರ್ ಹಿಂದೆ. ಆದರೂ ಇವೆಲ್ಲ ಹೇಗೆ ಬಂದವು? ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಲೇ?

ಉತ್ತರ 1:
ಅಯ್ಯೋ, ಬೇಡ. ಬ್ಲಾಕ್ ಆಗಿದೆ ಅಂದರೆ ಒಳಗೆ ಬಂದಿಲ್ಲ ಅಂತಲೇ ಅರ್ಥ.

ಮೊದಲ ಎರಡು ಸಾಲು ನಿಮ್ಮ ಮನೆಯೊಳಗಿನದೇ. 192.168ರಿಂದ ಶುರುವಾಗುವ ವಿಳಾಸ ಖಾಸಗಿ ನೆಟ್‌ವರ್ಕಿಗೆ ಮೀಸಲು, ಇಂಟರ್ನೆಟ್ಟಿನಲ್ಲಿ ಓಡಾಡುವುದಿಲ್ಲ. ಪೋರ್ಟ್ ಅಂದರೆ ಯಂತ್ರದ ಒಂದೊಂದು ಕೆಲಸಕ್ಕೆ ಇರುವ ಸಂಖ್ಯೆ ಹಾಕಿದ ಬಾಗಿಲು, ಯುಡಿಪಿ, ಟಿಸಿಪಿ ಡೇಟಾ ಕಳಿಸುವ ಎರಡು ವಿಧಾನ. 137 ನೆಟ್‌ಬಯೋಸ್ ಹೆಸರುಗಳದ್ದು, ಅಂದರೆ ಒಂದೇ ನೆಟ್‌ವರ್ಕಿನ ಕಂಪ್ಯೂಟರುಗಳು ಒಂದನ್ನೊಂದು ಹೆಸರಿನಿಂದ ಹುಡುಕುವುದು, ಹಳೇ ವಿಂಡೋಸ್ ಅಭ್ಯಾಸ. 1900 ಅಂದರೆ ‘ಇಲ್ಲಿ ಟಿವಿ, ಪ್ರಿಂಟರ್ ಯಾರಾದರೂ ಇದ್ದೀರಾ’ ಅಂತ ಕೂಗುವುದು. 239.255.255.250 ಯಾವ ಒಂದು ಯಂತ್ರದ ವಿಳಾಸವೂ ಅಲ್ಲ, ಕೇಳಿಸಿಕೊಳ್ಳುವವರೆಲ್ಲರಿಗೂ ಸೇರಿದ ಮಲ್ಟಿಕಾಸ್ಟ್ ವಿಳಾಸ.

ಮೂರನೆಯದು ಸ್ವಲ್ಪ ಮಜವಾಗಿದೆ. 443 ಸುರಕ್ಷಿತ ವೆಬ್‌ಸೈಟುಗಳ ಪೋರ್ಟ್. 52814 ನಿಮ್ಮ ಬ್ರೌಸರ್ ಆ ಹೊತ್ತಿಗೆ ಅಂತ ತೆರೆದುಕೊಂಡ ತಾತ್ಕಾಲಿಕ ಪೋರ್ಟ್ ಇರಬೇಕು. ನೀವು ಪುಟ ಮುಚ್ಚಿದಿರಿ, ಫೈರ್‌ವಾಲ್ ಆ ಸಂಪರ್ಕವನ್ನು ತನ್ನ ಪಟ್ಟಿಯಿಂದ ಅಳಿಸಿತು, ಆಮೇಲೆ ಸರ್ವರ್ (ಆ ವೆಬ್‌ಸೈಟಿನ ಕಂಪ್ಯೂಟರ್) ಕಳಿಸಿದ ಕೊನೆಯ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ತಡವಾಗಿ ಬಂದು ಬಾಗಿಲು ತಟ್ಟಿತು, ಇದು ಯಾರಪ್ಪಾ ಅಂತ ಫೈರ್‌ವಾಲ್ ತಡೆಯಿತು. ರೌಟರ್ ಯಾಕೆ ಬಿಟ್ಟಿತು ಅಂದರೆ ಅದರ ಪಟ್ಟಿಯಲ್ಲಿ ಆ ಸಂಪರ್ಕ ಇನ್ನೂ ಉಳಿದಿತ್ತು. ಅಂದರೆ ಮಾತು ಶುರು ಮಾಡಿದ್ದು ನೀವೇ!

ಪ್ರಶ್ನೆ ಕೇಳಿದವರು:
ರೌಟರ್ ಪುಟದಲ್ಲಿ ನೋಡಿದೆ. 192.168.1.7 ನಮ್ಮದೇ ಹಳೇ ಲ್ಯಾಪ್‌ಟಾಪ್. ಹಾಗಾದರೆ ಮನೆಯೊಳಗಿಂದ ಬಂದದ್ದನ್ನೆಲ್ಲ ಸುಮ್ನೆ ಬಿಟ್ಟುಬಿಡಬಹುದಾ?

ಉತ್ತರ 2:
ಎಲ್ಲವನ್ನೂ ಅಲ್ಲ. 2017ರ ಮೇನಲ್ಲಿ ವನ್ನಾಕ್ರೈ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ ಕುತಂತ್ರಾಂಶ) ಹರಡಿದ್ದು ವಿಂಡೋಸ್ ಫೈಲ್ ಹಂಚಿಕೆಯ ಒಂದು ದೋಷದಿಂದ, 445ನೇ ಪೋರ್ಟಿನ ಮೂಲಕ, ಒಂದು ಯಂತ್ರ ಕೆಟ್ಟರೆ ಅದೇ ನೆಟ್‌ವರ್ಕಿನ ಉಳಿದವಕ್ಕೂ. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಅಪ್‌ಡೇಟ್ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಾಗಿ ಆ ಲ್ಯಾಪ್‌ಟಾಪ್ ಒಂದೊಂದೇ ಪೋರ್ಟ್ ತಟ್ಟುತ್ತಾ ಹೋದರೆ, ಇಲ್ಲವೇ ಫೈಲ್ ಹಂಚಿಕೆಯೇ ಇಲ್ಲದಿದ್ದರೂ 445ಕ್ಕೆ ಬರುತ್ತಿದ್ದರೆ, ಮೊದಲು ಅದನ್ನು ಸ್ಕ್ಯಾನ್ ಮಾಡಿ.

ನಾನಂತೂ ಜಾಸ್ತಿ ಗಮನ ಕೊಡುವುದು ಹೊರಹೋಗುವ ಎಚ್ಚರಿಕೆಗೆ. ಗೊತ್ತಿಲ್ಲದ ಪ್ರೋಗ್ರಾಂ ಹೊರಗೆ ಮಾತಾಡಲು ಹೊರಟಿದ್ದರೆ ಅದು ಈಗಾಗಲೇ ನಿಮ್ಮ ಯಂತ್ರದೊಳಗೆ ಕೂತಿದೆ, ಅಲ್ವಾ? ಅದರ ಫೈಲ್ ಯಾವ ಫೋಲ್ಡರಿನಲ್ಲಿದೆ ನೋಡಿ. ತಾತ್ಕಾಲಿಕ ಫೈಲುಗಳ ಫೋಲ್ಡರಿನಿಂದ ಓಡುತ್ತಿದ್ದರೆ ಅನುಮಾನ ಪಡಿ.

ಒಳಬರುವವಕ್ಕೆ ಪಾಪ್‌ಅಪ್ ಆಫ್ ಮಾಡಿ, ಲಾಗ್ ಮಾತ್ರ ಇರಲಿ. ಕಿರಿಕಿರಿಗೆ ‘ಅನುಮತಿಸು’ ಒತ್ತಬೇಡಿ, ಎಷ್ಟೋ ಫೈರ್‌ವಾಲ್‌ಗಳು ಅದನ್ನೇ ಶಾಶ್ವತ ನಿಯಮ ಮಾಡಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು:
ನಿಯಮಗಳ ಪಟ್ಟಿ ತೆಗೆದೆ. ಸಿಟ್ಟಿನಲ್ಲಿ ಒತ್ತಿದ ನಾಲ್ಕು ‘ಅನುಮತಿಸು’ ಅಲ್ಲೇ ಕೂತಿದ್ದವು. ಅಳಿಸಿದೆ. ಪ್ರಿಂಟರ್, ಬ್ರೌಸರ್ ಎಲ್ಲ ಮೊದಲಿನಂತೆಯೇ ನಡೆಯುತ್ತಿವೆ.