ಆಫೀಸ್ ಕೆಲಸಕ್ಕೆ ಒರ್ಲ್ಯಾಂಡೊ ಪ್ರಯಾಣ, ಕೈಯಲ್ಲಿರೋದು ಒಂದೇ ಸಂಜೆ: ಯಾವ ಪಾರ್ಕ್‌ಗೆ ಹೋಗಲಿ?

ಹೇಮಾವತಿ ದಂಡೆ:

ನಮಸ್ಕಾರ ಎಲ್ಲರಿಗೂ. ನಾನು ಹಾಸನದವಳು, ವಿದ್ಯಾನಗರದಲ್ಲಿ ಮನೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ, ತಿಂಗಳಿಗೆ ಎರಡು ಸಲ ರೈಲು ಹತ್ತಿ ಹೋಗಿ ಮುಖ ತೋರಿಸಿ ಬರುತ್ತೇನೆ ಅಷ್ಟೆ. ಈಗ ಇದ್ದಕ್ಕಿದ್ದ ಹಾಗೆ, ಜೂನ್ ಎರಡನೇ ವಾರ ಅಮೆರಿಕದ ಒರ್ಲ್ಯಾಂಡೊದಲ್ಲಿ ಕಾನ್ಫರೆನ್ಸ್ ಇದೆ, ನೀವೇ ಹೋಗಿ ಅಂದಿದ್ದಾರೆ. ಕನ್ವೆನ್ಷನ್ ಸೆಂಟರ್ ಇರೋದು ಇಂಟರ್‌ನ್ಯಾಷನಲ್ ಡ್ರೈವ್ ಅನ್ನೋ ರಸ್ತೆಯಲ್ಲಿ, ಹೋಟೆಲೂ ಅಲ್ಲೇ ಹಾಕಿದ್ದಾರೆ.

ಮೂರು ದಿನವೂ ಸ್ಟಾಲ್‌ನಲ್ಲಿ ನಿಲ್ಲಬೇಕು. ಮೊದಲ ಎರಡು ದಿನ ರಾತ್ರಿ ಊಟದ ಮೀಟಿಂಗೂ ಇದೆ. ಮೂರನೇ ದಿನ ಮಾತ್ರ ಮೂರೂವರೆಗೆ ಮುಗಿಯುತ್ತೆ, ಮಾರನೇ ದಿನ ಮಧ್ಯಾಹ್ನ ವಿಮಾನ. ಅಷ್ಟು ದೂರ ಹೋಗಿ ಹೋಟೆಲ್ ರೂಮಲ್ಲಿ ಕೂತು ಬರೋಕೆ ಮನಸ್ಸಿಲ್ಲ.

ತೊಂದರೆ ಏನಂದ್ರೆ ನನ್ನ ಏಳು ವರ್ಷದ ಮಗಳಿಗೆ ವಿಷಯ ಗೊತ್ತಾಗಿಬಿಟ್ಟಿದೆ. "ಕೋಟೆ ಮುಂದೆ ನಿಂತು ಫೋಟೋ ಕಳಿಸಲೇಬೇಕು" ಅಂತ ಹಟ. ಡಿಸ್ನಿಯಲ್ಲಿ ನಾಲ್ಕು ಪಾರ್ಕ್ ಅಂತೆ, ಯೂನಿವರ್ಸಲ್‌ನವರದ್ದು ಬೇರೆ ಅಂತೆ, ಓದಿದಷ್ಟೂ ತಲೆ ಕೆಡುತ್ತಿದೆ. ನಾನು ಪಾರ್ಕ್ ಅಂತ ನೋಡಿರೋದು ಬಿಡದಿಯ ವಂಡರ್‌ಲಾ ಒಂದೇ, ಅದೂ ಬೆಳಿಗ್ಗೆಯಿಂದ ಸಂಜೆವರೆಗೆ. ನಾಲ್ಕೈದು ಗಂಟೆಗೆ ಅಂತ ಇಡೀ ದಿನದ ಟಿಕೆಟ್ ದುಡ್ಡು ಕೊಡೋದು ಹುಚ್ಚುತನವಾ? ದುಡ್ಡು ನನ್ನದೇ, ಕಂಪನಿ ಕೊಡಲ್ಲ. ಒಬ್ಬಳೇ ಹೋಗೋದು, ರಾತ್ರಿ ವಾಪಸ್ ಬರೋದು ಹೇಗೆ ಅನ್ನೋದೂ ಒಂದು ಚಿಂತೆ. ಹೋಗಿ ಬಂದವರು ಹೇಳಿ.

ಕಟ್ಟಾಯದವನು:

ಅಕ್ಕ, ನಾನು ಎರಡು ವರ್ಷದ ಹಿಂದೆ ಇದೇ ತರ ಹೋಗಿದ್ದೆ. ಅದೇ ರಸ್ತೆ, ಅದೇ ಕನ್ವೆನ್ಷನ್ ಸೆಂಟರ್. ಕಣ್ಣು ಮುಚ್ಚಿಕೊಂಡು ಡಿಸ್ನಿಯ ನಾಲ್ಕರಲ್ಲಿ ಒಂದಾದ ಎಪ್ಕಾಟ್‌ಗೆ ಹೋಗಿ.

ಯಾಕೆ ಅಂತ ಹೇಳ್ತೀನಿ. ಬೇರೆ ಪಾರ್ಕ್‌ಗಳಲ್ಲಿ ರೈಡ್ ಹತ್ತದಿದ್ದರೆ ದುಡ್ಡು ದಂಡ ಅನಿಸುತ್ತೆ. ಎಪ್ಕಾಟ್‌ನಲ್ಲಿ ಹಾಗಿಲ್ಲ, ಅರ್ಧ ಪಾರ್ಕ್ ಸುಮ್ನೆ ನಡೆದು ನೋಡೋದಕ್ಕೇ ಮಾಡಿರೋದು. ದೊಡ್ಡ ಕೆರೆ, ಅದರ ಸುತ್ತ ಮೆಕ್ಸಿಕೊ, ನಾರ್ವೆ, ಚೀನಾ, ಜಪಾನ್, ಮೊರಾಕೊ, ಫ್ರಾನ್ಸ್ ಅಂತ 11 ದೇಶಗಳ ಕಟ್ಟಡ, ಅಂಗಡಿ, ತಿಂಡಿ. ಒಂದು ಸುತ್ತು ಬಂದರೆ ಎರಡು ಕಿಲೋಮೀಟರ್ ಆಗುತ್ತೆ. ಮೆಕ್ಸಿಕೊ ಕಟ್ಟಡದ ಒಳಗೆ ಹೋದರೆ ಹೊರಗೆ ಎಷ್ಟೇ ಬಿಸಿಲಿದ್ದರೂ ಅಲ್ಲಿ ಯಾವಾಗಲೂ ಮುಸ್ಸಂಜೆ, ಒಂದು ಸಂತೆ, ಹಿಂದೆ ನೀರು, ಅದರಲ್ಲೊಂದು ದೋಣಿ ರೈಡ್. ಅದಕ್ಕೆ ಸಾಲು ಸಾಮಾನ್ಯವಾಗಿ ಕಡಿಮೆ. ಸಸ್ಯಾಹಾರಿ ಆಗಿದ್ದರೆ ನಾರ್ವೆ ಬೇಕರಿಯಲ್ಲಿ ಸ್ಕೂಲ್ ಬ್ರೆಡ್ ಅಂತ ಸಿಗುತ್ತೆ, ಬನ್ ಒಳಗೆ ಕಸ್ಟರ್ಡ್, ಮೇಲೆ ಕೊಬ್ಬರಿ ತುರಿ. ಅಯ್ಯಂಗಾರ್ ಬೇಕರಿಯವರು ಅಲ್ಲಿಗೂ ಹೋಗಿದ್ದಾರಾ ಅಂತ ಡೌಟ್ ಬಂತು ನನಗೆ. ಮೊಟ್ಟೆ ಇರುತ್ತೆ, ತಿನ್ನಲ್ಲ ಅಂದ್ರೆ ಬಿಡಿ.

ಇನ್ನೊಂದು ವಿಷಯ ಮಲೆನಾಡಿನ ಕಡೆಯವರಿಗೆ ಇಷ್ಟ ಆಗುತ್ತೆ. ಪಾರ್ಕ್ ಬಾಗಿಲಲ್ಲೇ 180 ಅಡಿ ಎತ್ತರದ ಬಿಳಿ ಗೋಳ ಇದೆ, ಸ್ಪೇಸ್‌ಶಿಪ್ ಅರ್ತ್ ಅಂತ. ನಾನು ಹೋದಾಗ ಜೋರು ಮಳೆ, ಓಡಿ ಅದರ ಕೆಳಗೆ ನಿಂತೆ. ಅಷ್ಟು ದೊಡ್ಡ ಉಂಡೆ, ಪಕ್ಕದಲ್ಲಿ ಧಾರಾಕಾರ ನೀರು ಸುರಿಯಬೇಕಲ್ವಾ? ಇಲ್ಲ. ಮೈಮೇಲೆ 11,324 ತ್ರಿಕೋನ ಇದೆ, ಸಂದಿ ಬಿಟ್ಟು ಕೂರಿಸಿದ್ದಾರೆ, ನೀರು ಆ ಸಂದಿಯಿಂದ ಒಳಗೆ ಇಳಿದು ಹೋಗಿ ಆ ಕೆರೆಗೇ ಸೇರುತ್ತೆ. ನಮ್ಮ ಹಂಚಿನ ಮನೆಗೆ ದಂಬೆ ಕಟ್ಟಿ ನೀರು ಹಿಡಿದ ಹಾಗೇ, ಆದರೆ ದಂಬೆ ಕಣ್ಣಿಗೆ ಕಾಣಲ್ಲ.

ಈಗ ನನ್ನ ತಪ್ಪು ಕೇಳಿ. ಸೆಂಟರ್‌ನಿಂದ ನೇರ ಹೋದೆ. ಫಾರ್ಮಲ್ ಬೂಟು, ಹೆಗಲಲ್ಲಿ ಲ್ಯಾಪ್‌ಟಾಪ್, ಕುತ್ತಿಗೆಗೆ ಕಾನ್ಫರೆನ್ಸ್ ಬಿಲ್ಲೆ ಬೇರೆ. ಜಪಾನ್ ತಲುಪುವಷ್ಟರಲ್ಲಿ ಕಾಲು ಇಡೋಕೆ ಆಗ್ತಿಲ್ಲ, ಒಂದು ಕಟ್ಟೆ ಮೇಲೆ ಕೂತು ಸಾಕ್ಸ್ ತೆಗೆದರೆ ಹಿಮ್ಮಡಿ ಗುಳ್ಳೆ ಒಡೆದು ಸಾಕ್ಸ್‌ಗೆ ಅಂಟಿಕೊಂಡಿತ್ತು. ಇನ್ನೂ ಅರ್ಧ ಕೆರೆ ಬಾಕಿ. ಸಾಕ್ಸ್ ಜೇಬಿಗೆ ಹಾಕಿಕೊಂಡು ಬೂಟಿನ ಹಿಂಭಾಗ ತುಳಿದುಕೊಂಡು, ಚಪ್ಪಲಿ ತರ ಎಳೆದುಕೊಂಡು ಅಮೆರಿಕ, ಇಟಲಿ, ಜರ್ಮನಿ ದಾಟಿದೆ. ಹೋಟೆಲ್‌ಗೆ ಹೋಗಿ ಬರೋಕೆ ಅರ್ಧ ಗಂಟೆ ಹೋದರೂ ಪರವಾಗಿಲ್ಲ, ಬಟ್ಟೆ, ಬೂಟು ಬದಲಾಯಿಸಿ ಹೋಗಿ.

ಕೊಪ್ಪದ ಮಾರಾಯ:

ಮಾರಾಯ್ರೆ, ಹತ್ತು ಸಾವಿರ ರೂಪಾಯಿ ಮೇಲೆ ಕೊಟ್ಟು ಸುಳ್ಳು ಜಪಾನ್ ನೋಡೋದಾ? ಯೂನಿವರ್ಸಲ್ ಹತ್ತಿರ, ಅಲ್ಲಿಗೆ ಹೋಗಿ. ಸಂಜೆ ಟ್ರಾಫಿಕ್‌ನಲ್ಲಿ ಹೈವೇ ಮೇಲೆ ಡಿಸ್ನಿ ಕಡೆ ಹೋಗೋದಕ್ಕಿಂತ ವಾಸಿ. ಒಬ್ಬರೇ ಇದ್ದರೆ ಸಿಂಗಲ್ ರೈಡರ್ ಅಂತ ಬೇರೆ ಸಾಲು ಇರುತ್ತೆ ಕೆಲವು ರೈಡ್‌ಗೆ. ಸೀಟಲ್ಲಿ ಒಂದು ಜಾಗ ಉಳಿದರೆ ನಿಮ್ಮನ್ನು ತುಂಬಿಸಿ ಕಳಿಸ್ತಾರೆ, ನಮ್ಮ ಖಾಸಗಿ ಬಸ್‌ನ ಕಂಡಕ್ಟರ್ ಕೆಲಸ. 2025ರ ಮೇ ತಿಂಗಳಲ್ಲಿ ಅವರದ್ದೇ ಎಪಿಕ್ ಯೂನಿವರ್ಸ್ ಅಂತ ಹೊಸ ಪಾರ್ಕ್ ಶುರುವಾಗಿದೆ, ಅದು ಕನ್ವೆನ್ಷನ್ ಸೆಂಟರ್‌ಗೆ ಇನ್ನೂ ಹತ್ತಿರ.

ದುಡ್ಡೇ ಬೇಡ ಅಂದ್ರೆ ಯೂನಿವರ್ಸಲ್ ಬಾಗಿಲ ಹೊರಗಿನ ಸಿಟಿವಾಕ್ ಇದೆ, ಡಿಸ್ನಿಯವರದ್ದು ಡಿಸ್ನಿ ಸ್ಪ್ರಿಂಗ್ಸ್ ಇದೆ, ಎರಡಕ್ಕೂ ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಮಗುವಿಗೆ ಆಟಿಕೆ ತಗೊಂಡು ಬಂದು ಮಲಗಿ.

ಹೇಮಾವತಿ ದಂಡೆ:

ಇಬ್ಬರಿಗೂ ಥ್ಯಾಂಕ್ಸ್. ಕಟ್ಟಾಯದವರ ಬೂಟಿನ ಕಥೆ ಓದಿ ಈಗಲೇ ಕಾಲು ನೋಯ್ತಿದೆ. ಆದರೆ ಕೋಟೆ ಬಗ್ಗೆ ಯಾರೂ ಹೇಳಲಿಲ್ಲ! ಎಪ್ಕಾಟ್‌ನಲ್ಲಿ ಕೋಟೆ ಇಲ್ಲ ತಾನೆ? ಮಗಳಿಗೆ ಏನು ಹೇಳಲಿ?

ಅರಸೀಕೆರೆ ತೆಂಗು:

ನಾನು ಟ್ಯಾಂಪಾದಲ್ಲಿ ಆರು ವರ್ಷ ಇದ್ದೆ, ಊರಿಂದ ಬಂದವರನ್ನೆಲ್ಲ ಕರ್ಕೊಂಡು ಹೋಗಿ ಹೋಗಿ ಆ ಪಾರ್ಕ್‌ಗಳು ಸುಬ್ರಹ್ಮಣ್ಯ ಧರ್ಮಸ್ಥಳ ಟ್ರಿಪ್ ತರ ಆಗಿಬಿಟ್ಟಿದ್ದವು. ಕೋಟೆ ಇರೋದು ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ. ನಾಲ್ಕರಲ್ಲಿ ಅದೇ ಹಳೇದು, 1971ರದ್ದು. ಅದರ ಪರವಾಗಿ ಹೇಳಬೇಕಾದ ಒಂದು ಮಾತಿದೆ. ಬೇಸಿಗೆಯಲ್ಲಿ ಅದು ಎಪ್ಕಾಟ್‌ಗಿಂತ ತಡವಾಗಿ ಮುಚ್ಚುತ್ತೆ, ಕೋಟೆ ಮೇಲೇ ಪಟಾಕಿ ಬಿಡ್ತಾರೆ. ಅದನ್ನು ನೋಡಿ ನಮ್ಮತ್ತೆ ಕಣ್ಣೊರೆಸಿಕೊಂಡಿದ್ದರು.

ಆದರೆ ಕಾರು ಅಲ್ಲಿ ಬಾಗಿಲ ತನಕ ಹೋಗಲ್ಲ. ಟ್ಯಾಕ್ಸಿಯವನು ಕೆರೆಯ ಈ ದಡದಲ್ಲಿ ಇಳಿಸ್ತಾನೆ. ಅಲ್ಲಿ ಬ್ಯಾಗ್ ಚೆಕಿಂಗ್, ಆಮೇಲೆ ದೊಡ್ಡ ದೋಣಿ ಅಥವಾ ಮಾನೋರೈಲು ಹಿಡಿದು ಆ ದಡಕ್ಕೆ, ಆಮೇಲೆ ಟಿಕೆಟ್ ಗೇಟು. ವಾಪಸ್ ಬರುವಾಗ ಅದೇ ಉಲ್ಟಾ, ಅದೂ ಪಟಾಕಿ ಮುಗಿದ ಕೂಡಲೇ ಸಾವಿರಾರು ಜನರ ಜೊತೆ. ನಿಮ್ಮ ಐದು ಗಂಟೆಯಲ್ಲಿ ಒಂದೂವರೆ ಹೀಗೇ ಹೋಗುತ್ತೆ. ಟಿಕೆಟ್ ದರ ತಾರೀಖಿನ ಮೇಲೆ ಏರಿಳಿಯುತ್ತೆ, ನಾಲ್ಕರಲ್ಲಿ ಅದೇ ದುಬಾರಿ. ನಾಲ್ಕರಲ್ಲಿ ಇನ್ನೊಂದು, ಅನಿಮಲ್ ಕಿಂಗ್‌ಡಮ್, ಬೇಗ ಬಾಗಿಲು ಹಾಕುತ್ತೆ, ಸಂಜೆಗೆ ಅದನ್ನು ಯೋಚನೇನೂ ಮಾಡಬೇಡಿ.

ಮಗಳಿಗೆ ಫೋಟೋ ಬದಲು ಬೇರೆ ಉಪಾಯ ಇದೆ. ಎಪ್ಕಾಟ್‌ನಲ್ಲಿ ಸಾಮಾನ್ಯವಾಗಿ ರಾತ್ರಿ 9ರ ಹೊತ್ತಿಗೆ ಕೆರೆ ಮೇಲೆ ಪಟಾಕಿ, ಸಂಗೀತ ಇರುತ್ತೆ, ಆ ದಿನದ ಟೈಮ್ ಅವರ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಜೂನ್‌ನಲ್ಲಿ ಅಲ್ಲಿಗೂ ಇಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ 9 ಅಂದ್ರೆ ಹಾಸನದಲ್ಲಿ ಬೆಳಿಗ್ಗೆ 6:30. ಮಗು ಸ್ಕೂಲ್‌ಗೆ ಏಳೋ ಹೊತ್ತು. ವಿಡಿಯೋ ಕಾಲ್ ಮಾಡಿ ತೋರಿಸಿ.

ಇದೇ ಲೆಕ್ಕದಲ್ಲಿ ಇನ್ನೊಂದು. ನಿಮಗೆ ಅಲ್ಲಿ ಸಂಜೆ 4 ಅಂದ್ರೆ ದೇಹಕ್ಕೆ ರಾತ್ರಿ ಒಂದೂವರೆ. ಮೂರನೇ ದಿನ ಇಟ್ಟುಕೊಂಡಿದ್ದು ಒಳ್ಳೇದಾಯ್ತು, ಮೊದಲ ದಿನ ಆಗಿದ್ದರೆ ಗೋಳದ ಒಳಗಿನ ರೈಡಲ್ಲೇ ನಿದ್ದೆ ಹೊಡೀತಿದ್ರಿ. ಕತ್ತಲು, ತಂಪು, ನಿಧಾನಕ್ಕೆ ಕಾಲು ಗಂಟೆ ಹೋಗೋ ಗಾಡಿ. ನಮ್ಮ ಮಾವ ಗೊರಕೆ ಹೊಡೆದಿದ್ದರು.

ಮಳೆ: ಜೂನ್‌ನಲ್ಲಿ ಫ್ಲಾರಿಡಾದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಮಾಮೂಲು. ಒಂದೆರಡು ಗಂಟೆ ಹೊಡೆದು ನಿಲ್ಲುತ್ತೆ. ಸಿಡಿಲು ಇದ್ದಾಗ ಹೊರಗಿನ ರೈಡ್ ನಿಲ್ಲಿಸ್ತಾರೆ, ಜನ ಬೇಜಾರಾಗಿ ಮನೆಗೆ ಹೋಗ್ತಾರೆ. ನೀವು ಹೋಗಬೇಕಾದ್ದು ಆಗ. ರೇನ್‌ಕೋಟ್ ಊರಿಂದಲೇ ಒಯ್ಯಿರಿ, ಒಳಗೆ ಪ್ಲಾಸ್ಟಿಕ್ ಹಾಳೆಗೆ ಚಿನ್ನದ ರೇಟು.

ಮೂಡಿಗೆರೆ ಅಕ್ಕ:

ಟಿಕೆಟ್ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಮೋಸ ಹೋದವಳು ನಾನೇ.

ಆ ಇಂಟರ್‌ನ್ಯಾಷನಲ್ ಡ್ರೈವ್‌ನಲ್ಲಿ ಅಲ್ಲಲ್ಲಿ ಗೂಡಂಗಡಿ ಇರುತ್ತೆ, ಅರ್ಧ ರೇಟಿಗೆ ಟಿಕೆಟ್ ಅಂತ ಬೋರ್ಡು. ನಾವು ಖುಷಿಯಾಗಿ ಹೋದ್ವಿ. ಟಿಕೆಟ್ ಕೊಡ್ತೀವಿ, ಬೆಳಿಗ್ಗೆ ತಿಂಡಿಗೆ ಬನ್ನಿ, ಒಂದು ಸಣ್ಣ ಮಾತು ಕೇಳಿ ಹೋಗಿ ಅಂದ್ರು. ಆ ಸಣ್ಣ ಮಾತು ಮೂರು ಗಂಟೆ. ವರ್ಷಕ್ಕೊಂದು ವಾರ ಇರೋಕೆ ಮನೆಯ ಪಾಲು ಕೊಂಡ್ಕೊಳ್ಳಿ ಅಂತ ಒಬ್ಬರಾದ ಮೇಲೆ ಒಬ್ಬರು ಬಂದು ಕೂತ್ಕೊಂಡ್ರು. ನಮ್ಮೆಜಮಾನ್ರು ಕೊನೆಗೆ "ನಂಗೆ ಇಂಗ್ಲಿಷ್ ಬರಲ್ಲ" ಅಂತ ಇಂಗ್ಲಿಷ್‌ನಲ್ಲೇ ಹೇಳಿ ಎದ್ದು ಬಂದ್ರು. ಯಾರೋ ಉಳಿದ ದಿನದ ಟಿಕೆಟ್ ಮಾರ್ತೀನಿ ಅಂದ್ರೂ ತಗೋಬೇಡಿ. ಡಿಸ್ನಿ ಗೇಟಲ್ಲಿ ಟಿಕೆಟ್ ಜೊತೆ ಬೆರಳು ಇಡಿಸ್ತಾರೆ, ಒಬ್ಬರದ್ದು ಇನ್ನೊಬ್ಬರಿಗೆ ನಡೆಯಲ್ಲ.

ನಿಮಗೆ ಸರಿಯಾದ ದಾರಿ ಬೇರೆ ಇದೆ. ಕಾನ್ಫರೆನ್ಸ್‌ಗೆ ಬಂದವರಿಗೆ ಅಂತಲೇ ಡಿಸ್ನಿಯವರು ಮಧ್ಯಾಹ್ನದ ಮೇಲಿನ, ಸಂಜೆ ಮೇಲಿನ ಕಡಿಮೆ ದರದ ಟಿಕೆಟ್ ಕೊಡ್ತಾರೆ, ಕಾನ್ಫರೆನ್ಸ್ ನಡೆಸೋರ ಲಿಂಕ್ ಮೂಲಕ ಮಾತ್ರ. ನಿಮ್ಮ ರಿಜಿಸ್ಟ್ರೇಷನ್ ಮೇಲ್‌ನ ಕೆಳಗಡೆ ಎಲ್ಲಾದ್ರೂ ಇರುತ್ತೆ, ಯಾರೂ ಓದದ ಜಾಗದಲ್ಲಿ. ಇಲ್ಲದಿದ್ದರೆ ಅವರಿಗೇ ಮೇಲ್ ಹಾಕಿ ಕೇಳಿ. ಮತ್ತೆ, ಅಲ್ಲಿ ಕಾಣೋ ರೇಟಿಗೆ ಕೊನೆಯಲ್ಲಿ ತೆರಿಗೆ ಸೇರುತ್ತೆ. ನಮ್ಮ ಎಂಆರ್‌ಪಿ ಲೆಕ್ಕ ಇಟ್ಟುಕೊಂಡು ಹೋಗಬೇಡಿ.

ಬೇಗ ಹೋಗೋ ಸಾಲಿಗೆ ಮೇಲೆ ದುಡ್ಡು ಕೊಡಬೇಕು, ಲೈಟ್ನಿಂಗ್ ಲೇನ್ ಅಂತಾರೆ. ಹಾಸನಾಂಬ ದರ್ಶನಕ್ಕೆ ಧರ್ಮದರ್ಶನದ ಸಾಲು ಒಂದು, 300 ರೂಪಾಯಿದು ಒಂದು, 1000ದ್ದು ಒಂದು ಇದೆಯಲ್ಲ, ಅದೇ. ಒಂದು ಸಂಜೆಗೆ ಬೇಡ. ಎಪ್ಕಾಟ್‌ನಲ್ಲಿ ಮಗಳಿಗೆ ಹೇಳೋಕೆ ಬೇಕು ಅಂದ್ರೆ ನಾರ್ವೆಯಲ್ಲಿ ಫ್ರೋಜನ್ ಸಿನಿಮಾದ ದೋಣಿ ರೈಡ್ ಇದೆ, ಆ ಸಿನಿಮಾದ ಎಲ್ಸಾ ಇದ್ದಾಳೆ. ಅದಕ್ಕೆ ಯಾವಾಗಲೂ ಜನ. ಮುಚ್ಚೋಕೆ ಹತ್ತು ನಿಮಿಷ ಇದ್ದಾಗ ಸಾಲಿಗೆ ಸೇರಿದರೂ ಒಳಗೆ ಬಿಡ್ತಾರೆ, ಆದರೆ ಆಗ ಪಟಾಕಿ ಹೋಗುತ್ತೆ. ಎರಡರಲ್ಲಿ ಒಂದು. ನಾನಾಗಿದ್ದರೆ ಪಟಾಕಿ.

ರಾತ್ರಿ ವಾಪಸ್ ಬರೋದು ಭಯ ಬೀಳೋ ವಿಷಯ ಅಲ್ಲ. ಜನ ಜಾಸ್ತಿ, ಬೆಳಕು ಜಾಸ್ತಿ. ತೊಂದರೆ ದುಡ್ಡಿನದ್ದು. ಪಟಾಕಿ ಮುಗಿದ ತಕ್ಷಣ ಎಲ್ಲರೂ ಮುಂದಿನ ಗೇಟಿಗೆ ಓಡ್ತಾರೆ, ಆ್ಯಪ್ ಟ್ಯಾಕ್ಸಿ ರೇಟು ಎರಡರಷ್ಟು ಆಗಿರುತ್ತೆ. ಎಪ್ಕಾಟ್‌ಗೆ ಹಿಂದೆ ಇನ್ನೊಂದು ಗೇಟ್ ಇದೆ, ಫ್ರಾನ್ಸ್ ಮತ್ತು ಬ್ರಿಟನ್ ನಡುವೆ. ಅಲ್ಲಿಂದ ಹೊರಬಿದ್ದು ಹತ್ತು ನಿಮಿಷ ನೀರಿನ ಪಕ್ಕ ನಡೆದರೆ ಬೋರ್ಡ್‌ವಾಕ್ ಅನ್ನೋ ಹೋಟೆಲ್. ನಾವು ಅಲ್ಲಿ ಐಸ್‌ಕ್ರೀಮ್ ತಿಂದು ಅರ್ಧ ಗಂಟೆ ಬಿಟ್ಟು ಟ್ಯಾಕ್ಸಿ ಕರೆದ್ವಿ, ಬಂದಾಗ ಕೊಟ್ಟಷ್ಟೇ ಆಯ್ತು.

ಕೊಪ್ಪದ ಮಾರಾಯ:

ಹಿಂದಿನ ಗೇಟು, ಐಸ್‌ಕ್ರೀಮು. ನೀವೆಲ್ಲ ಸೇರಿ ನನ್ನನ್ನೂ ಎಪ್ಕಾಟ್‌ಗೆ ಕಳಿಸ್ತೀರಿ. ಆದ್ರೂ ಯೂನಿವರ್ಸಲ್ ಹತ್ತಿರ ಅನ್ನೋದು ಸುಳ್ಳಲ್ಲ.

ಹೇಮಾವತಿ ದಂಡೆ:

ಸುಳ್ಳಲ್ಲ ಸಾರ್, ಆದರೆ ರೋಲರ್ ಕೋಸ್ಟರ್ ನನಗೆ ಆಗಲ್ಲ. ಶಿರಾಡಿ ಘಾಟಲ್ಲೇ ನಿಂಬೆಹಣ್ಣು ಮೂಸಿಕೊಂಡು ಹೋಗೋಳು ನಾನು.

ಮೂಡಿಗೆರೆ ಅಕ್ಕ, ನೀವು ಹೇಳಿದ ಹಾಗೇ ಮೇಲ್ ತೆಗೆದು ನೋಡಿದೆ. ಎಲ್ಲಕ್ಕಿಂತ ಕೆಳಗೆ, ಪಾರ್ಕಿಂಗ್ ನಿಯಮದ ಕೆಳಗೆ ಲಿಂಕ್ ಇತ್ತು! ಸಂಜೆ ಟಿಕೆಟ್ ಇದೆ, ಪೂರ್ತಿ ದಿನದ್ದಕ್ಕಿಂತ ಕಡಿಮೆ. ಎಪ್ಕಾಟ್ ತಗೊಂಡೆ. ಮೂರೂವರೆಗೆ ಹೋಟೆಲ್, ಬೂಟು ಬಿಚ್ಚಿ ಚಪ್ಪಲಿ, ಐದಕ್ಕೆ ಗೇಟು. ಗೋಳ, ಮೆಕ್ಸಿಕೊ ದೋಣಿ, ಒಂದು ಸುತ್ತು ಕೆರೆ. ಅಷ್ಟೇ, ಇನ್ನೇನೂ ಬೇಡ.

ಮಗಳಿಗೆ ಕೋಟೆ ಇಲ್ಲ ಅಂತ ಹೇಳಿದೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳು. ಬೆಳಿಗ್ಗೆ ಆರೂವರೆಗೆ ಅಮ್ಮ ರಾತ್ರಿಯಲ್ಲಿರುತ್ತಾಳೆ, ಪಟಾಕಿ ತೋರಿಸ್ತಾಳೆ ಅಂದಾಗ ನಂಬಲಿಲ್ಲ. ಗ್ಲೋಬ್ ತಂದು ಟಾರ್ಚ್ ಹಾಕಿ ತೋರಿಸಬೇಕಾಯ್ತು. ಈಗ ದಿನಾ ಕೇಳ್ತಾಳೆ, ಈಗ ಅಲ್ಲಿ ರಾತ್ರೀನಾ ಅಂತ. ಅವತ್ತು ಹಲ್ಲುಜ್ಜದೆ ಫೋನ್ ಮುಂದೆ ಕೂರಬಹುದು ಅಂತ ಅಜ್ಜಿ ಹತ್ರ ಪರ್ಮಿಷನ್ನೂ ತಗೊಂಡಿದ್ದಾಳೆ.

ಕಟ್ಟಾಯದವನು:

ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ ಅಕ್ಕ, ಹಳೇದೇ ಇರಲಿ. ಮತ್ತೆ ಪವರ್ ಬ್ಯಾಂಕ್. ಟಿಕೆಟ್ಟು, ಮ್ಯಾಪು, ಟ್ಯಾಕ್ಸಿ ಎಲ್ಲ ಫೋನಲ್ಲೇ. ನನ್ನದು 8:50ಕ್ಕೆ ಸತ್ತುಹೋಗಿತ್ತು.