ಪದಚರ್ಚೆ: ‘ಡಿಪರ್ಸನಲೈಸೇಷನ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಕೊಪ್ಪಳದಿಂದ:
ಮಾನ್ಯರೇ, ಪದವಿ ಕಾಲೇಜುಗಳಲ್ಲಿ ಹಂಚಲಿರುವ, ಮಾದಕ ವಸ್ತುಗಳ ಕುರಿತ ಕರಪತ್ರವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆಯೇ ಅದು ಅಚ್ಚಿಗೆ ಹೋಗಬೇಕಾಗಿದೆ. ಕನ್ನಡಿಯಲ್ಲಿರುವುದು ತನ್ನದೇ ಮುಖವೆಂದು ತಿಳಿದಿದ್ದರೂ ತನ್ನದೆನಿಸದಿರುವ, ತಾನಾಡಿದ ಮಾತು ಬೇರೆ ಯಾರದೋ ಬಾಯಿಂದ ಬಂದಂತೆ ಕೇಳಿಸುವ ಸ್ಥಿತಿಗೆ ‘ವ್ಯಕ್ತಿತ್ವನಾಶ’ ಎಂದು ಬರೆದು, ಅದನ್ನು ‘ನಶೆಯ ಲಕ್ಷಣ’ ಎಂದಿದ್ದೇನೆ. ಇದು ನಿಲ್ಲುತ್ತದೆಯೇ?

ಬಳ್ಳಾರಿಯಿಂದ:
ನಿಲ್ಲುವುದಿಲ್ಲ. ಇಲ್ಲಿ ನಾಶವಾಗುವುದು ಏನೂ ಇಲ್ಲ. ತನಗೆ ಹೀಗೆ ಅನಿಸುತ್ತಿದೆಯೇ ಹೊರತು ನಿಜವಾಗಿ ಹಾಗಾಗಿಲ್ಲ ಎಂಬ ಅರಿವು ಆ ವ್ಯಕ್ತಿಗೆ ಇದ್ದೇ ಇರುತ್ತದೆ; ಇದನ್ನು ವಾಸ್ತವದ ಅರಿವೇ ತಪ್ಪುವ ಚಿತ್ತವಿಕಲತೆಯಿಂದ ಬೇರ್ಪಡಿಸುವ ಗೆರೆಯೇ ಅದು. ಗಾಂಜಾ ಸೇದಿ ಹೆದರಿ ಕುಳಿತ ಹುಡುಗನೊಬ್ಬ ‘ನಾಶ’ ಎಂಬುದನ್ನು ಓದಿದರೆ ಅವನ ಭಯ ಇಮ್ಮಡಿಯಾಗುತ್ತದೆ, ಭಯ ಹೆಚ್ಚಿದಷ್ಟೂ ಆ ಅನುಭವವೂ ಬೇರೂರುತ್ತದೆ.

ರಾಯಚೂರಿನಿಂದ:
ಸಂಸ್ಕೃತದ ಮೊರೆ ಹೋದದ್ದೇ ತಪ್ಪು. ‘ತಾನ್’ ಎಂಬುದು ವಿಭಕ್ತಿ ಹತ್ತಿದಾಗ ‘ತನ್’ ಆಗುತ್ತದೆ. ಅದರಿಂದ ಬಂದ ‘ತನ್ನತನ’ ಇರುವಾಗ ‘ವ್ಯಕ್ತಿತ್ವ’ ಏತಕ್ಕೆ? ಫ್ರಾನ್ಸಿನ ಮನೋವಿಜ್ಞಾನಿ ಲುಡೊವಿಕ್ ಡುಗಾ 1898ರಲ್ಲಿ ಈ ಸ್ಥಿತಿಗೆ ಬಳಕೆಗೆ ತಂದ ಹೆಸರಿನ ಬುಡದಲ್ಲಿರುವುದೂ ನಟನ ಮುಖವಾಡ ಎಂಬರ್ಥದ ‘ಪರ್ಸೋನಾ’ ಎಂಬ ಲ್ಯಾಟಿನ್ ಪದ. ಮುಖವಾಡ ಕಳಚುವುದಾದರೆ ‘ತನ್ನತನಗಳಚಿಕೆ’ ಎನ್ನಿ. ಇಂಗ್ಲಿಷ್ ಪದವನ್ನು ಹಾಗೆಯೇ ಇಳಿಸಿಕೊಳ್ಳುವುದು ಸೋಮಾರಿತನ.

ಬಳ್ಳಾರಿಯಿಂದ:
‘ತನ್ನತನಗಳಚಿಕೆ’ ಯಾವ ವಿದ್ಯಾರ್ಥಿಗೂ ಅರ್ಥವಾಗದು. ಟೆನ್ಷನ್, ಡಿಪ್ರೆಷನ್ ಎಂಬ ಪದಗಳು ನಮ್ಮ ಸಂತೆಯ ಮಾತಿನಲ್ಲೇ ಬೆರೆತಿರುವಾಗ ಎರವಲನ್ನು ಸೋಮಾರಿತನವೆನ್ನುವುದು ಒಪ್ಪತಕ್ಕ ಮಾತಲ್ಲ. ‘ಪರಕೀಯತೆ’ ಎಂದು ಮುಂದೆ ಯಾರಾದರೂ ಸೂಚಿಸುವ ಮುನ್ನವೇ ಹೇಳುತ್ತೇನೆ: ‘ಗಾಳಿ ಹಿಡಿದಿದೆ’ ಎಂದು ತಾಯತ ಕಟ್ಟಿಸಲು ಹೊರಡುವ ಮನೆಗಳಲ್ಲಿ ಆ ಪದ ತಪ್ಪು ನಂಬಿಕೆಗೇ ಬಲ ಕೊಡುತ್ತದೆ. ವೈದ್ಯರ ಮುಂದೆ ಹೇಳಲು ಬೇಕಾದ ಹೆಸರು ಡಿಪರ್ಸನಲೈಸೇಷನ್. ಅದನ್ನೇ ಇಟ್ಟು, ಪಕ್ಕದಲ್ಲಿ ‘ತನ್ನಿಂದ ತಾನೇ ದೂರವಾದ ಭಾವ’ ಎಂದು ಬಿಡಿಸಿ ಬರೆಯಿರಿ.

ಹೆಸರಿಗಿಂತ ಮುಖ್ಯವಾದುದು ಕಾರಣಗಳ ಸಾಲು. ಗಾಂಜಾ, ಎಲ್‌ಎಸ್‌ಡಿ, ಕೆಟಮೈನ್ ಇದನ್ನು ಹುಟ್ಟಿಸಬಲ್ಲವು. ಹಲವರಲ್ಲಿ ಅಮಲಿನೊಂದಿಗೇ ಇಳಿಯುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದರೆ ಯಾವ ಅಮಲನ್ನೂ ಮುಟ್ಟದವರಲ್ಲಿಯೂ ತೀವ್ರ ಆತಂಕ, ಪ್ಯಾನಿಕ್ ಅಟ್ಯಾಕ್, ಖಿನ್ನತೆ, ನಿದ್ದೆಗೇಡು, ಬಾಲ್ಯದಲ್ಲಿ ಉಂಡ ಮಾನಸಿಕ ಹಿಂಸೆ, ಅಪರೂಪಕ್ಕೆ ಮೂರ್ಛೆರೋಗವೂ ಇದಕ್ಕೆ ಕಾರಣವಾಗುತ್ತದೆ. ‘ನಶೆಯ ಲಕ್ಷಣ’ ಎಂದಷ್ಟೇ ಬರೆದರೆ, ಪರೀಕ್ಷೆಯ ಆತಂಕದಿಂದ ನರಳುವ ಹುಡುಗಿಯೊಬ್ಬಳು ತನ್ನ ಮೇಲೆ ಸಂಶಯ ಬಂದೀತೆಂದು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಆ ವಾಕ್ಯವನ್ನು ತಿದ್ದಿ, ಕೆಳಗೆ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಹಾಕಿಸಿ.